ಅಕ್ಕನ ಅಂಗಳಕ್ಕೆ ಹೋದ ಬಿಳಿ ಗೆರೆ

ಗೆರೆಯಣ್ಣನ ಬಾಯಿ ಎಂಥದ್ದು ಎಂದು ಕಡಲ ದಂಡೆಯ ಹೆದ್ದಾರಿಯಲ್ಲಿ ಅಡ್ಡಾಡುವ ದನಗಳಿಗೂ ಗೊತ್ತಿತ್ತು. ಅವನು ರಸ್ತೆಯ ನಡುವೆ ಬಿಳಿ ಗೆರೆ ಎಳೆಯುವ ಲಾರಿಯ ಡ್ರೈವರ್. ಹೆತ್ತವರು ಇಟ್ಟ ಹೆಸರು ಒಂದಿತ್ತು, ಆದರೆ ಸಂಬಳದ ದಿನ ಬಿಟ್ಟರೆ ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ.

ಆ ಬಾಯಿಗೆ ಕಾರಣ ಅವನ ಲಾರಿಯ ಹಾರ್ನು. ಲಾರಿಯ ಬೆನ್ನ ಮೇಲೆ ಬಣ್ಣದ ಟ್ಯಾಂಕು, ಟ್ಯಾಂಕಿನ ಹಿಂದೆ ಒಂದು ಕುರ್ಚಿ, ಕುರ್ಚಿಯಲ್ಲಿ ಕಬ್ಬಿಣದ ಹಿಡಿಯ ಮೇಲೆ ಕೈಯಿಟ್ಟು ಕೂತ ಒಬ್ಬ ದಪ್ಪ ಮನುಷ್ಯ. ಅವನನ್ನು ಎಲ್ಲರೂ ಹಿಂದಿನವನು ಎಂದೇ ಕರೆಯುತ್ತಿದ್ದರು. ಪಂಪಿನ ಗದ್ದಲದಲ್ಲಿ ಪಕ್ಕದಲ್ಲೇ ಸಿಡಿಲು ಬಡಿದರೂ ಅವನಿಗೆ ಕೇಳಿಸದು. ಕೇಳಿಸುತ್ತಿದ್ದದ್ದು ಆ ಲಾರಿಯ ಗೂರಲು ಹಾರ್ನು ಮಾತ್ರ. ಒಂದು ಹಾರ್ನ್ ಆಯಿತೋ, ಹಿಡಿ ಎಳೆದು ಬಣ್ಣ ಬಿಡಬೇಕು. ಇನ್ನೊಂದಾಯಿತೋ, ಹಿಡಿ ತಳ್ಳಿ ನಿಲ್ಲಿಸಬೇಕು. ಹಾಗಾಗಿ ಎಮ್ಮೆ ಅಡ್ಡ ಬರಲಿ, ಮೊಬೈಲು ನೋಡುತ್ತಾ ಹೊಸ ಜೋಡಿ ಅಡ್ಡ ಬರಲಿ, ಗೆರೆಯಣ್ಣ ಹಾರ್ನ್ ಮುಟ್ಟುವಂತಿರಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಬಾಯಲ್ಲೇ ಜಾಡಿಸಬೇಕು.

"ಏನಪ್ಪಾ, ರಸ್ತೆ ನಿಮ್ಮಪ್ಪಂದಾ? ನಿಮ್ಮಪ್ಪಂದೇ ಆದ್ರೂ ಸರಿ, ಪಕ್ಕಕ್ಕೆ ಹೋಗು! ಆಮೇಲೆ ಬೆನ್ನ ಮೇಲೆ ಗೆರೆ ಬಿತ್ತು ಅಂತ ಅಳಬೇಡ!"

ಹೀಗೆ ಬೈದೂ ಬೈದೂ ಅವನು ಅರ್ಧ ಹೆದ್ದಾರಿಯ ವಿರೋಧ ಕಟ್ಟಿಕೊಂಡಿದ್ದ. ಇಂಜಿನಿಯರ್ ಸಾಹೇಬರಿಗೂ ಒಮ್ಮೆ ಎಮ್ಮೆಗೆ ಹೇಳಬೇಕಾದ್ದನ್ನು ಹೇಳಿಬಿಟ್ಟಿದ್ದ. ಆದರೆ ಹೊರಗೆ ಹುಲಿ, ಒಳಗೆ ಇಲಿ. ಹೆಂಡತಿ ಮತ್ತು ಅಕ್ಕ, ಈ ಇಬ್ಬರ ವಿಷಯ ಬಂದರೆ ಆ ಬಾಯಿಗೆ ಯಾರೋ ಹೊಲಿಗೆ ಹಾಕಿದ ಹಾಗೆ ಆಗುತ್ತಿತ್ತು.

ಸಂಗತಿ ಇಷ್ಟು. ಅವನ ತಾಯಿ ಹಾಸಿಗೆ ಹಿಡಿದು ಬಹಳ ಕಾಲ ಅವನ ಮನೆಯಲ್ಲೇ ಮಲಗಿದ್ದಳು. ತಿರುಗಿಸಿ ಮಲಗಿಸಿದವಳು, ಒರೆಸಿ ತೊಳೆದವಳು, ತುತ್ತು ಮಾಡಿ ಉಣಿಸಿದವಳು ಹೆಂಡತಿ. ಆಗ ಅಕ್ಕನ ಗಂಡನಿಗೂ ಕಾಯಿಲೆ, ಅವಳಿಗೆ ಬರಲು ಆಗಿರಲಿಲ್ಲ. ತಾಯಿ ಸತ್ತ ದಿನ ಬಂದವಳು, ಕಡ್ಡಿಯಾಗಿದ್ದ ಆ ಕೈಯನ್ನು ಹಿಡಿದು, ನೆರೆದ ಜನರೆದುರಿಗೇ ಕೇಳಿದಳು: "ನಮ್ಮಮ್ಮನ ಹೊಟ್ಟೆಗೆ ಏನಾದ್ರೂ ಹಾಕ್ತಿದ್ರಾ, ಇಲ್ವಾ?" ಎಲ್ಲ ಕಾರ್ಯ ಮುಗಿದ ಮೇಲೆ ಹೆಂಡತಿ ಗಂಡನಿಗೆ ಹೇಳಿದಳು: "ಆ ಮನೆ ಹೊಸಿಲು ನಾನು ತುಳಿಯಲ್ಲ. ನೀವು ತುಳಿದ್ರೆ ಈ ಹೊಸಿಲು ತುಳೀಬೇಡಿ."

"ಆ ಕಡೆ ತಲೆ ಹಾಕಿಯೂ ಮಲಗಲ್ಲ" ಎಂದು ಗೆರೆಯಣ್ಣ ಆಣೆ ಮಾಡಿದ. ತಲೆ ಹಾಕಿ ಮಲಗಲಿಲ್ಲ ನಿಜ. ಊಟಕ್ಕೆ ಮಾತ್ರ ಹೋಗುತ್ತಿದ್ದ, ಅದೂ ದಿನಾ ಮಧ್ಯಾಹ್ನ.

ಅಕ್ಕ ಈಗ ವಿಧವೆ. ಹೆದ್ದಾರಿಯಿಂದ ಕಡಲಿಗೆ ಇಳಿಯುವ ಒಂದು ಕೂಡುರಸ್ತೆಯ ಕೊನೆಯಲ್ಲಿ, ಡಾಂಬರು ಮುಗಿದು ಮರಳು ಶುರುವಾಗುವಲ್ಲಿ ಅವಳ ಮನೆ. ಹರಿದ ಬಲೆ ಹೆಣೆದು ಕೊಟ್ಟು ಬದುಕುತ್ತಿದ್ದಳು. ತಮ್ಮ ಮೊದಲ ಸಲ ಹಸಿದ ಮುಖ ಮಾಡಿಕೊಂಡು ಬಂದಾಗ "ಯಾಕೋ, ಅವಳು ಡಬ್ಬಿ ಕಟ್ಟಲ್ವಾ?" ಎಂದು ಕೇಳಿದ್ದಳು. ಇವನು ಬಡಿಸಿದ ತಟ್ಟೆ ಕೈತಪ್ಪೀತು ಎಂಬ ಭಯಕ್ಕೆ, "ಅವಳಿಗೆ ಬೆಳಗ್ಗೇನೇ ಡ್ಯೂಟಿ, ಎಲ್ಲಿ ಪುರುಸೊತ್ತು" ಎಂದುಬಿಟ್ಟ. ಒಂದು ಸುಳ್ಳಿನ ತಲೆಯ ಮೇಲೆ ಇನ್ನೊಂದು ಸುಳ್ಳು ಕೂತಿತು.

ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದಳು. ಡ್ಯೂಟಿ ಎಷ್ಟು ಬೇಗ ಇರಲಿ, ಡಬ್ಬಿ ತಪ್ಪಿಸಿದವಳಲ್ಲ. ಆ ಡಬ್ಬಿ ನೇರವಾಗಿ ಹೋಗುತ್ತಿದ್ದದ್ದು ಹಿಂದಿನವನ ಹೊಟ್ಟೆಗೆ. ಅವನು ದಪ್ಪಗಾದದ್ದೇ ಹಾಗೆ. ಇವಳ ಅಡುಗೆಯಲ್ಲಿ ಬೆಳ್ಳುಳ್ಳಿ ಇದ್ದಿಲಿನ ಹಾಗೆ ಕರಿಯಾಗಿರುತ್ತಿತ್ತು. ಗೆರೆಯಣ್ಣನಿಗೋ ಹುಟ್ಟಿದಾಗಿನಿಂದ ಬೆಳ್ಳುಳ್ಳಿ ಕಂಡರಾಗದು. ಚಿಕ್ಕಂದಿನಲ್ಲೂ ಆರಿಸಿ ಆರಿಸಿ ತಟ್ಟೆಯಂಚಿಗೆ ಸರಿಸುತ್ತಿದ್ದವನು. ಅಕ್ಕ ಅವನಿಗಾಗಿ ಬೆಳ್ಳುಳ್ಳಿಯಿಲ್ಲದೆ ಬೇಯಿಸುತ್ತಿದ್ದಳು.

ಆ ವರ್ಷ ಹೆದ್ದಾರಿ ಅಗಲವಾಗುತ್ತಿತ್ತು. ಇವತ್ತಿನ ದಾರಿ ನಾಳೆಗಿಲ್ಲ, ನಾಳೆಯ ದಾರಿ ಇಂಜಿನಿಯರಿಗೇ ಗೊತ್ತಿಲ್ಲ. ಬೇಸತ್ತ ಇಲಾಖೆ ಅಲ್ಲಲ್ಲಿ ಫಲಕ ನೆಟ್ಟಿತ್ತು: ಹೊಸ ಬಿಳಿ ಗೆರೆಯನ್ನೇ ಹಿಡಿದು ಸಾಗಿರಿ. ಲಾರಿಯವರು, ಬಸ್ಸಿನವರು ಕಣ್ಣು ಮುಚ್ಚಿಕೊಂಡು ಗೆರೆಯಣ್ಣನ ಗೆರೆಯನ್ನು ನಂಬಿದ್ದರು. ಬಾಯಿ ಕೆಟ್ಟದ್ದಾದರೂ ಕೈ ನೇರ ಎಂದು ಅವರ ಲೆಕ್ಕ.

ಅಂಥ ದಿನಗಳಲ್ಲೇ ಅವನಿಗೆ ನೆಗಡಿಯಾಗಿ ಗಂಟಲು ಪೂರಾ ಕಟ್ಟಿತು. ಬಾಯಿ ತೆರೆದರೆ ಗಾಳಿ ಮಾತ್ರ. ಬೆಳಗಿನಿಂದ ಲಾರಿಯ ಬಾಗಿಲ ತಗಡು ಬಡಿದೂ ಬಡಿದೂ ಅಂಗೈ ಕೆಂಪಾಗಿತ್ತು. ಮಧ್ಯಾಹ್ನ ಹಾರ್ನ್ ಒತ್ತಿ ಬಣ್ಣ ನಿಲ್ಲಿಸಿ, ಲಾರಿಯನ್ನು ಅಕ್ಕನ ಕೂಡುರಸ್ತೆಗೆ ತಿರುಗಿಸಿದ. ತಿರುಗಿದಲ್ಲೇ ಒಂದು ನಾಯಿ ದಾರಿಗಡ್ಡ ಮಲಗಿತ್ತು. ದಿನವೂ ಅವನ ಬೈಗುಳಕ್ಕೆ ಎದ್ದು ಹೋಗುವ ನಾಯಿ. ಇವತ್ತು ಬೈಗುಳವಿಲ್ಲ. ತಗಡು ಬಡಿದರೆ ಬಾಲ ಅಲ್ಲಾಡಿಸಿತೇ ಹೊರತು ಏಳಲಿಲ್ಲ. ಹಸಿವು, ನೆಗಡಿ, ಸಿಟ್ಟು ಮೂರೂ ಒಟ್ಟಿಗೆ ಏರಿ, ಗೆರೆಯಣ್ಣ ಹಾರ್ನ್ ಒತ್ತಿಬಿಟ್ಟ.

ನಾಯಿ ಎದ್ದು ಹೋಯಿತು. ಹಿಂದೆ ತೂಕಡಿಸುತ್ತಿದ್ದ ಹಿಂದಿನವನು ಹಿಡಿ ಎಳೆದ. ಹೆದ್ದಾರಿ ಬಿಟ್ಟು ಈ ಓಣಿಗೆ ಯಾಕೆ ಗೆರೆ ಎಂದು ಅವನು ಕೇಳಿಕೊಳ್ಳಲಿಲ್ಲ. ಸರ್ಕಾರಕ್ಕೆ ಎಲ್ಲಿ ಬೇಕೋ ಅಲ್ಲಿ ಗೆರೆ. ತನ್ನಪ್ಪನ ಮನೆ ಗಂಟೇನು ಹೋಗಬೇಕು? ಅಕ್ಕನ ಅಂಗಳದಲ್ಲಿ ಎಂಜಿನ್ ಆರಿ ಪಂಪು ನಿಂತಾಗ, ತಾನೇ ಹಿಡಿ ತಳ್ಳಿ ಡಬ್ಬಿ ಬಿಚ್ಚಿದ.

ಗೆರೆಯಣ್ಣ ಅಕ್ಕನ ಮನೆಯಲ್ಲಿ ಕೂತು ಎರಡು ತುತ್ತು ನುಂಗುವುದರೊಳಗೆ ಅಂಗಳಕ್ಕೆ ಹಾಲಿನ ಟ್ಯಾಂಕರು ಬಂದು ನಿಂತಿತು. "ಮುಂದೆ ದಾರಿ ಎಲ್ಲಣ್ಣಾ?" ಎಂದು ಅದರ ಡ್ರೈವರ್ ಕೂಗಿದ. ಗೆರೆಯಣ್ಣ ಎಂಜಲು ಕೈಯಲ್ಲೇ ಹೊರಗೆ ಬಂದು ನೋಡಿದ. ಹೆದ್ದಾರಿಯ ತಿರುವಿನಿಂದ ಹೊರಟ ಬಿಳಿ ಗೆರೆ, ಎಲ್ಲೂ ಅಂಕುಡೊಂಕಿಲ್ಲದೆ, ಅವನ ವೃತ್ತಿಯಲ್ಲೇ ಅತಿ ಅಂದವಾದ ಗೆರೆ, ಅಕ್ಕನ ಹೊಸಿಲ ಹತ್ತಿರ ಬಂದು ನಿಂತಿತ್ತು. ಕಾಲಲ್ಲಿ ಉಜ್ಜಿದ, ಸೀಮೆಎಣ್ಣೆ ಸುರಿದು ಉಜ್ಜಿದ. ಉಗುಳು ಒಣಗುವುದರೊಳಗೆ ಒಣಗುವ ಬಣ್ಣ ಅದು, ಬಿಡಲಿಲ್ಲ.

ಟ್ಯಾಂಕರಿನ ಹಿಂದೆ ಬಸ್ಸು ಬಂತು. ಆಸ್ಪತ್ರೆಯ ಬೆಳಗಿನ ಪಾಳಿ ಮುಗಿಸಿದವರನ್ನು ಮನೆಗೆ ಮುಟ್ಟಿಸುವ ಬಸ್ಸು. ಅದರಿಂದ ಇಳಿದವಳು ಅವನ ಹೆಂಡತಿ.

ಅವಳು ಗೆರೆ ನೋಡಿದಳು, ಲಾರಿ ನೋಡಿದಳು, ಗಂಡನ ಎಂಜಲು ಕೈ ನೋಡಿದಳು. ಆಮೇಲೆ ಲಾರಿಯ ನೆರಳಲ್ಲಿ ಕಾಲು ಚಾಚಿ ಉಣ್ಣುತ್ತಿದ್ದ ಹಿಂದಿನವನನ್ನೂ ಅವನ ತೊಡೆಯ ಮೇಲಿದ್ದ ತನ್ನ ಡಬ್ಬಿಯನ್ನೂ ನೋಡಿದಳು.

"ಊಟ ಹೇಗಿದೆ?" ಎಂದಳು.

"ಚೆನ್ನಾಗಿದೆ ತಾಯಿ" ಎಂದ ಹಿಂದಿನವನು. "ಬೆಳ್ಳುಳ್ಳಿ ಮಾತ್ರ ದಿನಾ ಸೀದಿರುತ್ತೆ."

ಗೆರೆಯಣ್ಣ ಬಾಯಿ ತೆರೆದ. ಗಾಳಿ ಬಂತು. ಹೆದ್ದಾರಿಯ ಎಮ್ಮೆಗಳಿಗೆಲ್ಲ ಖರ್ಚು ಮಾಡಿದ ಮಾತಿನಲ್ಲಿ ಒಂದೇ ಒಂದನ್ನಾದರೂ ಉಳಿಸಿಟ್ಟುಕೊಂಡಿದ್ದರೆ ಎಂದು ಅವನಿಗೆ ಅನ್ನಿಸಿತು. ಇವತ್ತು ಒಬ್ಬಳನ್ನು ಕಳೆದುಕೊಂಡೆ; ಯಾರನ್ನು ಎಂಬುದಷ್ಟೇ ಬಾಕಿ ಎಂದುಕೊಂಡು ಕಂಬದ ಹಾಗೆ ನಿಂತ.

ಅಷ್ಟರಲ್ಲಿ ಬಾಗಿಲಿಗೆ ಬಂದ ಅಕ್ಕ ಡಬ್ಬಿ ನೋಡಿ ತಮ್ಮನ ಕಡೆ ತಿರುಗಿದಳು. "ಇದು ಯಾರ ಡಬ್ಬಿಯೋ? ಅವಳು ಕಟ್ಟೋದೇ ಇಲ್ಲ ಅಂದಿದ್ಯಲ್ಲೋ?"

"ಹಾಗಂದ್ರಾ?" ಎಂದಳು ಹೆಂಡತಿ. ದನಿ ತಣ್ಣಗಿತ್ತು. "ನಂಗೆ, ಅಕ್ಕನ ಮುಖ ನೋಡಿ ವರ್ಷಗಳಾಯ್ತು ಅಂದಿದ್ರು."

ಅಕ್ಕ ಅಂಗಳಕ್ಕಿಳಿದು ಹಿಂದಿನವನ ಕೈಯಿಂದ ಡಬ್ಬಿ ಕಿತ್ತುಕೊಂಡಳು. ನಿಜವಾಗಿ ಊಟವೇ, ಅಥವಾ ಇದೂ ತಮ್ಮನ ಆಟವೇ ಎಂದು ನೋಡಲು ಅದರಿಂದ ಒಂದು ಚೂರು ಬದನೆಕಾಯಿ ತೆಗೆದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಾ ಅಗಿಯುತ್ತಾ ಅವಳ ದವಡೆ ನಿಂತಿತು.

"ಇದು ಅಮ್ಮನ ಕೈ" ಎಂದಳು. "ಅಮ್ಮ ಬೆಳ್ಳುಳ್ಳಿ ಹೀಗೇ ಸೀಸ್ತಿದ್ಲು."

ಹೆಂಡತಿ ಬೇರೆಲ್ಲೋ ನೋಡುತ್ತಾ ಹೇಳಿದಳು. "ಮಲಗಿದಲ್ಲಿಂದಾನೇ ಹೇಳ್ಕೊಡ್ತಿದ್ರು. ಇನ್ನೂ ಸೀಯ್ಲಿ, ಇನ್ನೂ ಸೀಯ್ಲಿ ಅಂತ. ಸೀದಿಲ್ಲ ಅಂದ್ರೆ ತಟ್ಟೆ ತಳ್ತಿದ್ರು. ಹಾಗೇ ರೂಢಿ ಆಗೋಯ್ತು ಅತ್ತಿಗೆ, ಈಗ ಬಿಡೋಕಾಗಲ್ಲ."

"ಹಾಗಾದ್ರೆ ಉಣ್ತಿದ್ಲಾ ಅಮ್ಮ?"

"ಹೋಗೋ ಹಿಂದಿನ ದಿನ ಕೂಡ ಎರಡು ಸಲ ಹಾಕಿಸ್ಕೊಂಡ್ರು. ಮೈಗೆ ಹತ್ತುತ್ತಿರ್ಲಿಲ್ಲ, ಅಷ್ಟೇ."

ಅಕ್ಕ ಡಬ್ಬಿಯನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತಳು. ಬಸ್ಸಿನ ಜನ ಕಿಟಕಿಯಲ್ಲಿ ಮುಖ ಇಟ್ಟು ನೋಡಿದರು. "ಅಷ್ಟು ಜನರ ಮುಂದೆ ಅಂದೆನಲ್ಲೇ" ಎಂದಳು ಅಕ್ಕ. "ಇಷ್ಟು ಜನರ ಮುಂದೆ ಹೇಳ್ತೀನಿ, ತಪ್ಪಾಯ್ತು ಕಣೆ." ಹೆಂಡತಿಯ ಮುಖ ಬಿಗಿದೇ ಇತ್ತು, ಕಣ್ಣು ಮಾತ್ರ ಮಾತು ಕೇಳಲಿಲ್ಲ. ಅವಳು ಅತ್ತಿಗೆಯ ತೋಳು ಹಿಡಿದಳು. "ಒಳಗೆ ನಡೀರಿ. ಬಿಸಿಲು." ಇಬ್ಬರೂ ಹೊಸಿಲು ದಾಟಿ ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ಟ್ಯಾಂಕರೂ ಬಸ್ಸೂ ಹಿಂದೆ ಸರಿದು ಸರಿದು ಹೆದ್ದಾರಿ ಸೇರಿದವು. ಗೆರೆಯಣ್ಣನನ್ನು ಯಾರೂ ಕರೆಯಲಿಲ್ಲ. ಅವನ ತಟ್ಟೆ ಒಳಗೆ, ಹಸಿವು ಹೊರಗೆ. ಒಳಗಿನಿಂದ ಪಾತ್ರೆಯ ಸದ್ದು, ಪಿಸುಮಾತು, ನಡುನಡುವೆ "ಕತ್ತೆ", "ಮಹಾ ಕಳ್ಳ" ಎಂಬ ಮಾತುಗಳು ಕೇಳಿಸಿದವು. ಕಾದು ಸಾಕಾಗಿ, ಹೊರಟೇ ಹೋಗುತ್ತೇನೆ ಎಂದು ಹೆದರಿಸಲು ಲಾರಿ ಹತ್ತಿ ಎಂಜಿನ್ ಶುರು ಮಾಡಿದ. ಬಾಗಿಲು ತೆರೆಯಲಿಲ್ಲ. ಕರೆಯಲು ದನಿಯಿಲ್ಲ. ನಾನೂ ಇದ್ದೀನಿ ಎನ್ನಲು ಹಾರ್ನ್ ಒತ್ತಿದ.

ಊಟ ಕಳೆದುಕೊಂಡು ಕುರ್ಚಿಗೆ ಮರಳಿದ್ದ ಹಿಂದಿನವನು ಹಿಡಿ ಎಳೆದ. ಅಂಗಳದ ನಡುವೆ ಬಿಳಿ ಬಣ್ಣ ಬುಸ್ಸೆಂದು ಸುರಿಯಿತು.

ಕಿಟಕಿಯಲ್ಲಿ ಎರಡು ಮುಖ ಕಾಣಿಸಿದವು. ಮೊದಲು ಅಕ್ಕ ನಕ್ಕಳು, ಅವಳ ಹೆಗಲ ಮೇಲೆ ಗಲ್ಲವಿಟ್ಟುಕೊಂಡು ಹೆಂಡತಿ ನಕ್ಕಳು. ತಾಯಿ ಹೋದ ಮೇಲೆ ಆ ಇಬ್ಬರ ನಗು ಒಟ್ಟಿಗೆ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಗೆರೆಯಣ್ಣನಿಗೆ ಅಳು ಬಂತು. ಸದ್ದಿಲ್ಲದ ಗಂಟಲು, ಮನಸ್ಸಿಗೆ ಬಂದಷ್ಟು ಅತ್ತ. ಬಣ್ಣ ನಿಲ್ಲಿಸಲು ಇನ್ನೊಂದು ಹಾರ್ನ್ ಒತ್ತಬೇಕಿತ್ತು. ಅದು ಅವನಿಗೆ ನೆನಪೇ ಆಗಲಿಲ್ಲ.