ಹುಡುಕಾಟದ ಎರಡು ಸಾಲು, ಅತ್ತೆಯ ಒಂದು ಪ್ರಶ್ನೆ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಇಕ್ಕಟ್ಟಿನಲ್ಲಿ ಹಳೆಯ ಹೊಲಿಗೆ ಯಂತ್ರದ ಮೇಜು. ಯಂತ್ರ ಎಂದೋ ಹೋಗಿದೆ, ಅದರ ಜಾಗಕ್ಕೆ ಲ್ಯಾಪ್‌ಟಾಪ್ ಬಂದು ಕೂತಿದೆ. ಕಾಲಿನ ಪೆಡಲ್ ಮಾತ್ರ ಹಾಗೇ ಉಳಿದಿದೆ. ಪದ ಸಿಗದೆ ತಡಕಾಡುವಾಗ ಈ ಮನೆಯ ಸೊಸೆ ಅದನ್ನು ಸುಮ್ಮನೆ ತುಳಿಯುತ್ತಿರುತ್ತಾರೆ.

“ಅತ್ತೆ, ಕೇಳಿ ಸ್ವಲ್ಪ” ಎಂದು ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುತ್ತಾರೆ. “ಕನ್ನಡಕದ ಕಡ್ಡಿ ಮುರಿದಿದೆಯೇ? ಕಾದು ಕುಳಿತರೆ ಅಲ್ಲೇ ರಿಪೇರಿ ಮಾಡಿ ಕೊಡುತ್ತೇವೆ. ಭಾನುವಾರ ರಜೆ.”

ಒಳಕೋಣೆಯ ಮಂಚದಿಂದ ಒಂದು ಕೆಮ್ಮು, ಅದರ ಹಿಂದೆಯೇ ಪ್ರಶ್ನೆ: “ಹೋದ್ರೆ ಸಿಗತ್ತಾ?”

“ಸಿಗತ್ತೆ. ನಿನ್ನೆ ಫೋನ್ ಮಾಡಿ ಕೇಳಿದೀನಿ.”

“ಹಾಗಾದ್ರೆ ಕಳ್ಸು.”

ಮೊಣಕಾಲು ಕೈಕೊಟ್ಟು ಮನೆಯಿಂದ ಹೊರಗೆ ಹೋಗಲಾರದ ಅತ್ತೆ ಒಪ್ಪಿದ ಮೇಲೆಯೇ ಆ ಸಾಲು ಮನೆ ಬಿಟ್ಟು ಹೊರಡುವುದು. ಇಷ್ಟು ವರ್ಷಗಳಿಂದ ಇದೇ ಪದ್ಧತಿ. ನಗುವವರು ನಗಲಿ ಬಿಡಿ, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು ಕಂಡ ಯಾವ ಕಚೇರಿಯ ತಪಾಸಣೆಯೂ ಇಷ್ಟು ಖಡಕ್ಕಾಗಿಲ್ಲ.

ಈಕೆ ಬರೆಯುವುದು ಮೆಟಾ ಟ್ಯಾಗ್. ಹೆಸರು ಕೇಳಿ ಹೆದರಬೇಡಿ. ನೀವು ಮೊಬೈಲಿನಲ್ಲಿ ಏನೋ ಹುಡುಕುತ್ತೀರಿ, ಪಟ್ಟಿ ಬರುತ್ತದೆ. ಪ್ರತಿ ವೆಬ್‌ಸೈಟಿಗೂ ಒಂದು ದಪ್ಪಕ್ಷರದ ಶೀರ್ಷಿಕೆ, ಅದರ ಕೆಳಗೆ ಎರಡು ಸಾಲು ವಿವರಣೆ. ಸೈಟಿನ ಒಳಗೆ ಹೋದರೆ ಆ ವಿವರಣೆ ಎಲ್ಲೂ ಕಾಣುವುದಿಲ್ಲ, ಪುಟದ ಹಿಂದೆ ಅಡಗಿರುತ್ತದೆ. ಅದನ್ನು ನೋಡಿ ಬೆರಳು ಒತ್ತಿದಿರೋ, ಅಂಗಡಿಗೆ ಗಿರಾಕಿ ಬಂದಂತೆ. ಅದನ್ನು ಒಂದು ಮನುಷ್ಯಜೀವಿ ಕೂತು ಬರೆದಿರುತ್ತದೆ ಎಂದು ನಿಮಗೆ ಯಾವತ್ತಾದರೂ ಅನ್ನಿಸಿತ್ತೇ? ನನಗಂತೂ ಅನ್ನಿಸಿರಲಿಲ್ಲ.

“ಮಾಲೀಕರು ಕೊಡೋ ಮಾತು ಬೇರೆ, ಜನ ಹುಡುಕೋ ಮಾತು ಬೇರೆ” ಎನ್ನುತ್ತಾರೆ ಆಕೆ. “ಈ ಕನ್ನಡಕದೋರು ಕೊಟ್ಟಿದ್ದೇನು ಗೊತ್ತಾ? ‘ದೃಷ್ಟಿ ಪರಿಹಾರಗಳ ವಿನೂತನ ತಾಣ’. ಕಡ್ಡಿ ಮುರ್ಕೊಂಡು ಕಣ್ಣು ಕಾಣ್ದೆ ಕೂತಿರೋನು ವಿನೂತನ ತಾಣ ಅಂತ ಹುಡುಕ್ತಾನಾ? ಕಡ್ಡಿ ಅಂತ್ಲೇ ಹುಡುಕ್ತಾನೆ. ಶೀರ್ಷಿಕೇಲಿ ಆ ಪದ ಇದ್ರೆ ತಾನೆ ಅಂಗಡಿ ಅವನ ಕಣ್ಣಿಗೆ ಬೀಳೋದು?”

ಒಂದೊಂದು ಪುಟಕ್ಕೂ ಬೇರೆ ಬೇರೆ ಸಾಲು ಬರೆಯಬೇಕು. ಒಂದನ್ನೇ ಎಲ್ಲ ಕಡೆ ಅಂಟಿಸಿದರೆ ಯಾವ ಪುಟ ಯಾವುದಕ್ಕೆಂದು ಹುಡುಕುಯಂತ್ರಕ್ಕೂ ತಿಳಿಯದು, ಜನಕ್ಕೂ ತಿಳಿಯದು. ಉದ್ದವಾದರೆ ಬಾಲ ಕತ್ತರಿಸಿ ಚುಕ್ಕಿ ಇಟ್ಟುಬಿಡುತ್ತದೆ. ದಿನಕ್ಕೆ ಮೂವತ್ತು, ನಲವತ್ತು ಪುಟ ಆಗುತ್ತವೆ. ಇಷ್ಟೆಲ್ಲ ಪಾಡುಪಟ್ಟು ಬರೆದರೂ ಯಂತ್ರಕ್ಕೆ ಮನಸ್ಸಾಗದಿದ್ದರೆ ಈಕೆಯ ವಿವರಣೆ ಬಿಟ್ಟು ಪುಟದಿಂದ ಬೇರೇನನ್ನೋ ಕಿತ್ತು ತೋರಿಸುವುದೂ ಉಂಟು. “ಅದಕ್ಕೂ ಅತ್ತೆ ಥರಾನೇ ಮೂಡು” ಎಂದು ದನಿ ತಗ್ಗಿಸುತ್ತಾರೆ. “ಕೇಳಿಸ್ತು!” ಎಂದು ಒಳಗಿನಿಂದ ಬರುತ್ತದೆ.

ಮೊದಲು ಈಕೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂರುತ್ತಿದ್ದರು. ಬಸ್ಸು ಎಷ್ಟೊತ್ತಿಗೆ, ಯಾವ ಕಟ್ಟೆಯಿಂದ, ಕೊನೆಯದು ಹೋಯಿತೇ? ಹಿಂದೆ ಸಾಲುಗಟ್ಟಿದ ಜನ ನೂಕುತ್ತಿರುವಾಗ ಒಂದೇ ಉಸಿರಿಗೆ ಉತ್ತರ ಹೇಳಬೇಕಿತ್ತು. ಆಮೇಲೆ ಕಿಟಕಿಗೆ ಹಲಗೆ ಹೊಡೆದು ಪಕ್ಕದಲ್ಲಿ ಒಂದು ಯಂತ್ರ ನಿಲ್ಲಿಸಿದರು. ಅದೇ ವರ್ಷ ಗಂಡ ತೀರಿಕೊಂಡರು. ಅತ್ತೆ ಸೊಸೆ ಇಬ್ಬರೇ ಉಳಿದರು. ವೆಬ್‌ಸೈಟ್ ಮಾಡಿಕೊಡುವ ಸಣ್ಣ ಕಚೇರಿಯೊಂದರಲ್ಲಿ ಅಕ್ಷರ ಬೆರಳಚ್ಚು ಮಾಡಲು ಸೇರಿದ ಈಕೆಗೆ, ಕ್ರಮೇಣ ಯಾರಿಗೂ ಬೇಡವಾದ ಈ ಎರಡು ಸಾಲಿನ ಕೆಲಸ ಗಂಟುಬಿತ್ತು. ಅಲ್ಲಿ ಎಲ್ಲರಿಗೂ ಇವರು ‘ವಿಚಾರಣೆ ಅಕ್ಕ’.

ಹೆಸರಿಗೆ ತಕ್ಕಂತೆ ಫೋನ್ ಮಾಡಿ ವಿಚಾರಿಸದೆ ಅಕ್ಕ ಒಂದಕ್ಷರ ಬರೆಯುವುದಿಲ್ಲ. ಗಿರಾಕಿಯಂತೆ ಮಾತಾಡಿ, ಅದು ಇದೆಯಾ, ಇದು ಸಿಗತ್ತಾ, ಎಷ್ಟೊತ್ತಿಗೆ ಮುಚ್ತೀರಿ ಎಂದು ಕೇಳುತ್ತಾರೆ. ಈಗ ಕುತ್ತಿಗೆಗೆ ಬಂದಿರುವುದೂ ಅಂಥದೇ ಒಂದು ಫೋನಿನಿಂದ.

ಊರ ತುಂಬ ಮಳಿಗೆಗಳಿರುವ ಔಷಧಿ ಅಂಗಡಿಯವರ ಹೊಸ ವೆಬ್‌ಸೈಟ್ ಇವತ್ತು ಬೆಳಿಗ್ಗೆ ತೆರೆಯಬೇಕು. ವಿವರಣೆಯಲ್ಲಿ ‘ರಾತ್ರಿಯಿಡೀ ತೆರೆದಿರುತ್ತದೆ’ ಎಂದು ಇರಲೇಬೇಕೆಂದು ಮಾಲೀಕರ ಹಟ. ರಾತ್ರಿ ಔಷಧಿಗಾಗಿ ಹುಡುಕುವವರು ಬಹಳ, ಅಷ್ಟು ಜನರೂ ತಮ್ಮ ಸೈಟಿಗೇ ಬರಲಿ ಎಂದು. ಅಕ್ಕ ಎಂದಿನಂತೆ ಒಂದು ಮಳಿಗೆಗೆ ಫೋನ್ ಮಾಡಿದರು. ಕೌಂಟರಿನವರು ಹೇಳಿದರು: “ಎಲ್ಲಿ ಅಕ್ಕ, ಯಾವ ಮಳಿಗೇಲೂ ಇಲ್ಲ. ಹತ್ತಕ್ಕೇ ಶಟರ್ ಎಳೀತೀವಿ.”

ಸಾಲು ಬರೆಯುವುದಿಲ್ಲವೆಂದು ಅಕ್ಕ ನಿನ್ನೆಯೇ ಹೇಳಿದ್ದಾರೆ. ಕಚೇರಿಯ ಮ್ಯಾನೇಜರ್ ಸಹ ಹೇಳಿಬಿಟ್ಟಿದ್ದಾರೆ: ನಾಳೆ ಬೆಳಿಗ್ಗೆಯೊಳಗೆ ಆ ಸಾಲು ಬರಬೇಕು, ಇಲ್ಲವಾದರೆ ನೀವು ಬರಬೇಡಿ.

ನಡುವೆ ಬಾಯಿ ಹಾಕುವುದು ನನ್ನ ಹುಟ್ಟುಗುಣ. ‘ನಿಮ್ಮ ಆರೋಗ್ಯಕ್ಕೆ ಸದಾ ಜೊತೆಗಿರುವ ನಂಬಿಕೆ’ ಎಂದು ಹಾಕಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲವಲ್ಲ ಎಂದೆ. ದಿನಾ ತಲೆಬರಹ ಬರೆದು ಅನ್ನ ತಿನ್ನುವವನು ನಾನು, ಸಣ್ಣ ಜಂಬವೂ ಇತ್ತು.

“ಹೋದ್ರೆ ಸಿಗತ್ತೇನಪ್ಪಾ ಆ ನಂಬಿಕೆ?” ಎಂದು ಮಂಚದಿಂದ ಅತ್ತೆ ಕೇಳಿದರು. “ನಂಗೆ ಉಬ್ಬಸ ಜಾಸ್ತಿ ಆಗೋದೇ ರಾತ್ರಿ. ಔಷಧಿ ಮುಗಿದಿರತ್ತೆ. ಇವಳು ಅದನ್ನ ಓದ್ಕೊಂಡು ಓಡಿಹೋಗಿ ಮುಚ್ಚಿದ ಶಟರ್ ನೋಡ್ಕೊಂಡು ಬಂದ್ರೆ, ಅಷ್ಟೊತ್ತು ನಾನು ಉಸಿರು ಕಟ್ಕೊಂಡು ಕಾಯ್ಲಾ?”

ನನ್ನ ಜಂಬ ಅಲ್ಲಿಗೆ ಠುಸ್ ಎಂದಿತು. ಅಕ್ಕ ಪೆಡಲ್ ತುಳಿಯುವುದನ್ನು ನಿಲ್ಲಿಸಿ ಟೈಪ್ ಮಾಡಿದರು: ‘ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ. ಹತ್ತರ ಮೇಲೆ ತುರ್ತಿದ್ದರೆ ದೊಡ್ಡಾಸ್ಪತ್ರೆಯ ಗೇಟಿನ ಔಷಧಿ ಅಂಗಡಿ ತೆರೆದಿರುತ್ತದೆ.’ ಆ ಅಂಗಡಿಗೂ ಮೊದಲೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡಿದ್ದರು. ಯಜಮಾನನ ಹಣದಲ್ಲಿ ಎದುರಾಳಿಗೆ ದಾರಿ ತೋರಿಸುವ ಎದೆಗಾರಿಕೆ ನೋಡಿ!

“ಹೋದ್ರೆ ಸಿಗತ್ತೆ” ಎಂದರು ಅತ್ತೆ, ಈ ಸಲ ಪ್ರಶ್ನೆ ಇಲ್ಲದೆ. ಸಾಲು ಕಚೇರಿಗೆ ಹೊರಟಿತು.

ಕಚೇರಿ ಇರುವುದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ರಬ್ಬರಿನ ವಾಸನೆ ಮೆಟ್ಟಿಲೇರಿ ಬರುತ್ತದೆ. ನಾವು ಹೋಗುವ ಹೊತ್ತಿಗೆ ಮ್ಯಾನೇಜರ್ ಆ ವಿವರಣೆ ಓದಿ ಕೆಂಡವಾಗಿದ್ದರು. ಅಕ್ಕನಿಗಿಂತ ಚಿಕ್ಕವರು, ಕೆಟ್ಟವರೇನಲ್ಲ, ಮಾಲೀಕರ ಹೆಸರು ಹೇಳಿದರೆ ಬೆವರುವ ಪೈಕಿ.

“ಏನಕ್ಕ ಇದು? ಎಲ್ಲರೂ ಹೀಗೇ ಬರೀತಾರೆ. ಎರಡು ಸಾಲಿಗೆ ಇಷ್ಟೊಂದು ರಾದ್ಧಾಂತನಾ?”

“ಎರಡೇ ಸಾಲು ಸರ್. ಅಷ್ಟರಲ್ಲೂ ಸುಳ್ಳು ಬೇಕಾ?”

“ಸರಿ, ನಾನೇ ಹಾಕ್ತೀನಿ.”

ಅಕ್ಕ ಎದ್ದು ಕುರ್ಚಿ ಬಿಟ್ಟುಕೊಟ್ಟರು. “ಹಾಕಿ. ಆದ್ರೆ ಈ ಕುರ್ಚೀಲಿ ಕೂತೋರು ಮೊದ್ಲು ಫೋನ್ ಮಾಡ್ಬೇಕು” ಎಂದು ತಾವೇ ಮಳಿಗೆಯ ನಂಬರ್ ಒತ್ತಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, ರಾತ್ರಿ ತೆಗೆದಿರುತ್ತಾ ಎಂದು ಕೇಳಿದರು.

“ಇಲ್ಲ ಸರ್. ಹೊರಗೆ ಬೋರ್ಡಲ್ಲಿ ಹಾಗಂತ ಬರೆದುಬಿಟ್ಟಿದ್ದಾರೆ ಅಷ್ಟೆ. ಮೊನ್ನೆ ಯಾರೋ ಜ್ವರದ ಮಗು ಎತ್ಕೊಂಡು ಬಂದು ಶಟರ್ ಬಡಿದೂ ಬಡಿದೂ ಹೋದ್ರಂತೆ. ಎದುರು ಮನೆಯೋರು ಬೆಳಿಗ್ಗೆ ನಮಗೇ ಛೀಮಾರಿ ಹಾಕಿದ್ರು.”

ಫೋನ್ ಇಟ್ಟ ಮೇಲೂ ಮ್ಯಾನೇಜರ್ ಮೌಸ್ ಮೇಲೆ ಕೈಯಿಟ್ಟು ಕೂತೇ ಇದ್ದರು. ಆ ಸಾಲನ್ನು ಹಾಕಲೂ ಇಲ್ಲ, ಅಕ್ಕನದನ್ನು ಅಳಿಸಲೂ ಇಲ್ಲ. ಕೊನೆಗೆ, “ಮಾಲೀಕರಿಗೆ ನೀವೇ ಉತ್ತರ ಕೊಟ್ಕೊಳ್ಳಿ” ಎಂದರು.

“ನಂಬರ್ ಕೊಡಿ” ಎಂದರು ಅಕ್ಕ.

ಆ ಮಾತುಕತೆಯಲ್ಲಿ ನನಗೆ ಕೇಳಿಸಿದ್ದು ಈ ತುದಿ ಮಾತ್ರ. “ನಾನು ಯಾರು ಅನ್ನೋದು ಮುಖ್ಯ ಅಲ್ಲ, ನಿಮ್ಮ ಎರಡು ಸಾಲು ಬರೆಯೋಳು. ರಾತ್ರಿಯಿಡೀ ಅಂತ ಬೇಕಿದ್ರೆ ರಾತ್ರಿ ಒಬ್ಬರನ್ನ ಕೂರಿಸಿ. ಆಗಲ್ವಾ, ಹತ್ತು ಗಂಟೆ ಅಂತಾನೇ ಇರತ್ತೆ.” ಆ ಕಡೆಯವರು ಫೋನ್ ಕುಕ್ಕಿದ ಸದ್ದು ನನಗೂ ಕೇಳಿಸಿತು. ಅಕ್ಕನನ್ನು ಅಂದೇ ಮನೆಗೆ ಕಳಿಸಿದರು, ಕರೆದರೆ ಬನ್ನಿ ಎಂದು.

ಹಿಂದಿರುಗುವ ದಾರಿಯಲ್ಲಿ ಕೇಳಿದೆ, ಹೆದರಿಕೆಯಾಗುವುದಿಲ್ಲವೇ?

“ಆಗತ್ತೆ ರೀ, ಯಾಕಾಗಲ್ಲ? ಆದ್ರೆ ನಾನು ಹೆದರ್ಕೊಂಡು ಬರೆದ್ರೆ ಆ ಶಟರ್ ಮೇಲೇಳತ್ತಾ? ಕಿಟಕಿ ಹಿಂದೆ ಅಷ್ಟು ವರ್ಷ ಕೂತಿದ್ದೆ. ಹೋಗಿರೋ ಬಸ್ಸನ್ನ ಬರತ್ತೆ ಅಂತ ಒಬ್ಬರಿಗೂ ಹೇಳಲಿಲ್ಲ.”

ಈ ಬರಹ ಮುಗಿಸುವ ಹೊತ್ತಿಗೆ, ವಾರ ಕಳೆದು, ಇನ್ನೊಂದು ನಸುಕಿನಲ್ಲಿ ಅದೇ ಹೊಲಿಗೆ ಮೇಜಿನ ಪಕ್ಕ ಕೂತಿದ್ದೇನೆ. ಸೈಟಿನಲ್ಲಿ ಅಕ್ಕನ ಸಾಲೇ ಇದೆ, ಅಳಿಸುವ ಧೈರ್ಯ ಯಾರಿಗೂ ಬಂದಿಲ್ಲ. ಫೋನ್ ರಿಂಗಾಗುತ್ತದೆ. ಮ್ಯಾನೇಜರ್. ದನಿಯಲ್ಲಿ ಸಕ್ಕರೆ ಸುರಿಯುತ್ತಿದೆ.

“ಅಕ್ಕ, ಮಾಲೀಕರು ಒಪ್ಪಿದ್ರು! ಇವತ್ತಿಂದ ಎಲ್ಲಾ ಮಳಿಗೇಲೂ ರಾತ್ರಿಗೆ ಜನ ಇಡ್ತಾರಂತೆ. ನೀವು ಬಂದ್ಬಿಡಿ. ಈಗ ಹಾಕಬಹುದಲ್ಲ, ರಾತ್ರಿಯಿಡೀ ಅಂತ?”

ಒಳಕೋಣೆಯಲ್ಲಿ ಕೆಮ್ಮು ನಿಲ್ಲುತ್ತದೆ. ಅತ್ತೆ ಕಿವಿ ಕೊಟ್ಟಿದ್ದಾರೆ. ಅಕ್ಕನ ಕಣ್ಣು ತುಂಬಿರುವುದು ನನಗೆ ಕಾಣುತ್ತದೆ, ದನಿ ಮಾತ್ರ ಕಿಟಕಿಯ ಹಿಂದಿನದೇ.

“ಬರ್ತೀನಿ ಸರ್. ಆದ್ರೆ ಇಡ್ತಾರಂತೆ ಅನ್ನೋದಕ್ಕೆಲ್ಲಾ ನಾನು ಬರೆಯಲ್ಲ. ಇವತ್ತು ರಾತ್ರಿ ಒಂದೊಂದು ಮಳಿಗೆಗೂ ಫೋನ್ ಮಾಡ್ತೀನಿ. ಎತ್ತಿದೋರದ್ದು ಬರೀತೀನಿ.”