ಮೃತರಿಗೆ ಒಬ್ಬ ಮಗಳೂ ಇದ್ದಳು

ನಿಘಂಟಿನಲ್ಲಿ ನಿಧನ ಎಂದರೆ ಸಾವು, ಅಷ್ಟೇ. ಆದರೆ ಪೇಪರಿನ ನಿಧನ ಕಾಲಂನಲ್ಲಿ ಅರ್ಧ ಸುದ್ದಿ ಬದುಕಿರುವವರದು. ಕೊಪ್ಪದಿಂದ ಪತ್ರಿಕೆಯೊಂದಕ್ಕೆ ವರದಿ ಕಳಿಸುವ ನನಗೆ ಇದು ಸರಿಯಾಗಿ ತಿಳಿದದ್ದು ಕಳೆದ ವರ್ಷ.

ಕಡಹಿನಬೈಲು ಕಡೆಯ ಹಿರಿಯರೊಬ್ಬರು ಬೆಳಿಗ್ಗೆ ತೀರಿಕೊಂಡಿದ್ದರು. ಮಧ್ಯಾಹ್ನ ಅವರ ಮಗ ಫೋಟೊ ಹಿಡಿದು ಕೊಪ್ಪದ ನನ್ನ ಪುಟ್ಟ ಕಚೇರಿಗೆ ಬಂದ. ಅವನು ಹೇಳುತ್ತಾ ಹೋದ, ನಾನು ಟೈಪ್ ಮಾಡುತ್ತಾ ಹೋದೆ.

"ಮೃತರಿಗೆ ಪತ್ನಿ, ಪುತ್ರ ಇದ್ದಾರೆ. ಮುಗೀತು," ಎಂದ.

ನನ್ನ ಕೈ ನಿಂತಿತು. ಅವನ ತಂಗಿ ಶೃಂಗೇರಿಯ ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ಬೇರೆ ಜಾತಿಯವನನ್ನು ಮದುವೆಯಾದ ಮೇಲೆ ಅವಳನ್ನು ಮನೆಗೆ ಸೇರಿಸಿರಲಿಲ್ಲ.

"ತಂಗಿ?" ಅಂದೆ.

"ನಂಗೆ ತಂಗಿ ಇಲ್ಲ ಮಾರಾಯ. ಹೇಳಿದ್ದಷ್ಟು ಹಾಕು."

ಅವನು ಹೋಗಿ ಒಂದು ಗಂಟೆಯ ಮೇಲೆ ಅವಳದೇ ಫೋನ್. ಅಪ್ಪ ಹೋದದ್ದು ಅವಳಿಗೆ ಗೊತ್ತಾದದ್ದು ವಾಟ್ಸ್ಯಾಪಿನಲ್ಲಿ. "ಬಂದ್ರೆ ಅಂಗಳಕ್ಕೂ ಕಾಲಿಡಬೇಡ ಅಂದಿದಾನೆ ಅಣ್ಣ. ಪೇಪರಲ್ಲಾದ್ರೂ ನಾನು ಅಪ್ಪನ ಮಗಳಾಗಿರ್ತೀನಾ?"

ಸುದ್ದಿ ಬೇಗ ಕಳಿಸಿ ಎಂದು ಪತ್ರಿಕೆಯ ಆಫೀಸಿನಿಂದ ಒತ್ತಾಯ ಬರುತ್ತಿತ್ತು. ಕೊನೆಗೆ ಅವಳಿಂದ ನಂಬರ್ ಪಡೆದು ಅವಳ ತಾಯಿಗೇ ಫೋನ್ ಮಾಡಿದೆ. ಸಾವಿನ ಮನೆಗೆ ಇಂಥ ಪ್ರಶ್ನೆ ಕೇಳುವುದು ಸರಿಯಲ್ಲ ಎನಿಸಿದರೂ ಕೇಳಿದೆ.

"ಅಮ್ಮ, ಪೇಪರಿಗೆ ಕೇಳ್ತಿದೀನಿ. ಮಕ್ಕಳು ಯಾರ್ಯಾರು ಅಂತ ಬರೀಲಿ?"

ಆ ಕಡೆ "ಯಾರಮ್ಮ ಅದು?" ಎನ್ನುವ ಮಗನ ಧ್ವನಿ ಹತ್ತಿರವೇ ಕೇಳಿಸಿತು. ಫೋನ್ ಕಿತ್ತುಕೊಳ್ಳುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ತಾಯಿ, ನೆರೆದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಒಬ್ಬ ಮಗ, ಒಬ್ಬಳು ಮಗಳು. ಹೆತ್ತೋಳು ನಾನು. ಬರ್ಕೊಳ್ಳಪ್ಪ."

ಹಾಗೇ ಬರೆದು ಕಳಿಸಿದೆ. ಕೂಡಲೇ ಮಗನ ಫೋನ್ ಬಂತು. "ನಾಳೆ ಅದು ಪೇಪರಲ್ಲಿ ಬರ್ಲಿ, ಆಮೇಲೆ ನಿನ್ನ ನೋಡ್ಕೋತೀನಿ."

"ನಿಮ್ಮಮ್ಮ ಹೇಳಿದ್ದು," ಅಂದೆ. ಅವನು ಕಟ್ ಮಾಡಿದ. ಸಂಜೆ ಕಚೇರಿಯ ಶಟರ್ ಎಳೆಯುವವರೆಗೂ ಪ್ರತಿ ಬೈಕಿನ ಸದ್ದಿಗೂ ನಾನು ರಸ್ತೆ ನೋಡುತ್ತಿದ್ದೆ.

ಮರುದಿನ ಸುದ್ದಿ ಬಂತು. ಬೆಳಿಗ್ಗೆಯೇ ಅವಳು ಗಂಡನೊಂದಿಗೆ ತವರಿಗೆ ಹೋದಳು. ಅಪ್ಪನ ಮುಖ ನೋಡಲು ಸಿಗಲಿಲ್ಲ, ಹಿಂದಿನ ಸಂಜೆಯೇ ಎಲ್ಲ ಮುಗಿದಿತ್ತು. ಅಣ್ಣ ಬಾಗಿಲಿಗೆ ಅಡ್ಡ ನಿಂತಿದ್ದನಂತೆ. ತಾಯಿ ಅವನ ಪಕ್ಕದಿಂದಲೇ ಅಂಗಳಕ್ಕಿಳಿದು ಬಂದು, ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರಂತೆ.