ಊದಕ್ಕನ ಉಸಿರಿನ ಪಾಠ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ನೆಲ ಒರೆಸಿದ ತೇವ ಆರಿಲ್ಲ. ಕೊನೆಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಬಿಳಿ ಕೋಟಿನ ತೋಳು ಮಡಚಿಕೊಂಡ ಹೆಂಗಸೊಬ್ಬರು ತೊಡೆಗಾತ್ರದ ಸಿರಿಂಜೊಂದನ್ನು ಉಸಿರು ಅಳೆಯುವ ಯಂತ್ರದ ಕೊಳವೆಗೆ ಸಿಕ್ಕಿಸಿ, ಮೈಭಾರವನ್ನೆಲ್ಲ ಬಿಟ್ಟು ಒತ್ತುತ್ತಿದ್ದಾರೆ. ಸಿರಿಂಜಿನಲ್ಲಿ ಔಷಧ ಇಲ್ಲ, ಬರೀ ಗಾಳಿ. ಆದರೆ ಅಳತೆ ಗೊತ್ತಿರುವ ಗಾಳಿ. ಯಂತ್ರದ ಪರದೆಯೂ ಅದೇ ಅಳತೆ ತೋರಿಸಿದರೆ ಇವತ್ತಿನ ಮಟ್ಟಿಗೆ ಅದನ್ನು ನಂಬಬಹುದು.

“ಮೊದಲು ಇದರ ಬಾಯಿ ಸರಿ ಇದೆಯಾ ನೋಡ್ಬೇಕು. ಇಲ್ಲಾಂದ್ರೆ ಇದು ಹೇಳೋ ಸುಳ್ಳನ್ನೆಲ್ಲ ನಾವು ಪಾಪದ ರೋಗಿ ತಲೆಗೆ ಕಟ್ತೀವಿ,” ಎನ್ನುತ್ತಾ ಪರದೆಯ ಕಡೆ ಕನ್ನಡಕ ಸರಿಸಿಕೊಂಡು ನೋಡುತ್ತಾರೆ. ಅಂಕಿ ಕೂಡಿಬಂದಿದೆ. “ಹ್ಞಾಂ, ಇವತ್ತು ಒಳ್ಳೆ ಬುದ್ಧಿ ಇದೆ ಇದಕ್ಕೆ.”

ಇವರು ಊದಕ್ಕ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆಯಂತೆ, ಆದರೆ ಅದನ್ನು ಕರೆದರೆ ಅವರೇ ತಿರುಗಿ ನೋಡುವುದು ಅನುಮಾನ. ರೋಗಿಯ ಶ್ವಾಸಕೋಶದ ಬಲ ಅಳೆಯುವಾಗ “ಊದಿ, ಊದಿ, ಊದಿ, ಇನ್ನೂ ಊದಿ, ಬಿಡಬೇಡಿ, ಹಾಂ ಹಾಂ ಊದಿ!” ಎಂದು ಅವರು ಕೂಗುವುದು ಕಾರಿಡಾರಿನ ಆ ತುದಿಯ ಔಷಧದ ಕೌಂಟರಿನವರೆಗೂ ಕೇಳಿಸುತ್ತದೆ. ಆ ಕೌಂಟರಿನವರೇ ಇಟ್ಟ ಹೆಸರಿದು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಮುಖ್ಯ ವೈದ್ಯರೂ ಹಾಗೆಯೇ ಕರೆಯುತ್ತಾರೆ.

ಅವರ ಕೆಲಸ ರೋಗಿಗಳನ್ನು ಊದಿಸುವುದಷ್ಟೇ ಅಲ್ಲ. ಅಲರ್ಜಿ ಮತ್ತು ಅಸ್ತಮಾವನ್ನು ಗುರುತಿಸುವುದು ಹೇಗೆ, ಹದ್ದುಬಸ್ತಿನಲ್ಲಿ ಇಡುವುದು ಹೇಗೆ ಎಂದು ಸಣ್ಣ ಕ್ಲಿನಿಕ್ಕುಗಳ ನರ್ಸುಗಳಿಗೆ, ಹೊಸ ಡಾಕ್ಟರುಗಳಿಗೆ ಕೈಹಿಡಿದು ಕಲಿಸುವವರು ಇವರು. ಒಂದು ತಂಡದಲ್ಲಿ ಹೆಚ್ಚೆಂದರೆ ಇಪ್ಪತ್ತು ಮಂದಿ. ಪುಸ್ತಕದ ಪಾಠ ಹಿಂದೆ ಊದಕ್ಕನಿಗೂ ಕಲಿಸಿದ ಡಾಕ್ಟರಮ್ಮನದು, ಕೈಕೆಲಸದ ಪಾಠ ಊದಕ್ಕನದು.

ಒಂಬತ್ತು ಹೊಡೆಯುವಷ್ಟರಲ್ಲಿ ತಂಡ ಬಂದು ಕೂರುತ್ತದೆ. ಪುಸ್ತಕದ ಪಾಠ ಮುಗಿದಿದೆ, ಇವತ್ತು ಕೈಕೆಲಸ, ಕೊನೆಯ ದಿನ. ಮೇಜಿನ ಮೇಲೆ ಔಷಧವಿಲ್ಲದ ಅಭ್ಯಾಸದ ಇನ್ಹೇಲರುಗಳು. ಒಬ್ಬೊಬ್ಬರೇ ಎದ್ದು ಮಾಡಿ ತೋರಿಸಬೇಕು. ದಪ್ಪ ಮೀಸೆಯ ನರ್ಸೊಬ್ಬರು ಗತ್ತಿನಿಂದ ಇನ್ಹೇಲರನ್ನು ಬಾಯಿಗಿಟ್ಟು ಟಪ್ಪನೆ ಒತ್ತಿ, ಆಮೇಲೆ ಉಸಿರೆಳೆಯುತ್ತಾರೆ.

“ಅಣ್ಣ, ಎಲ್ಲ ನಾಲಿಗೆಗೇ ಹೋಯ್ತು. ಒಳಗಿನವರಿಗೆ ಏನೂ ಸಿಗಲಿಲ್ಲ,” ಎನ್ನುತ್ತಾರೆ ಊದಕ್ಕ. ಕೋಣೆ ನಗುತ್ತದೆ, ಮೀಸೆಯೂ ನಗುತ್ತದೆ. “ಉಸಿರು ಎಳೆಯಕ್ಕೆ ಶುರು ಮಾಡಿ, ಆಗ ಒತ್ತಿ. ನಿಧಾನ. ಬಿಸಿ ಕಾಫಿ ಹೀರ್ತೀರಲ್ಲ, ಅಷ್ಟು ನಿಧಾನ. ಆಮೇಲೆ ಬಾಯಿ ಮುಚ್ಚಿ ಸ್ವಲ್ಪ ಹೊತ್ತು ತಡ್ಕೊಳ್ಳಿ.” ಮೂರನೆಯ ಸಲಕ್ಕೆ ಸರಿಯಾಗುತ್ತದೆ. “ನಾನು ಮೊದಲ ದಿನ ಎಷ್ಟು ಸಲ ತಪ್ಪಿದ್ದೆ ಗೊತ್ತಾ? ಡಾಕ್ಟರಮ್ಮ ಲೆಕ್ಕ ಬಿಟ್ಟುಬಿಟ್ರು,” ಎಂದು ಅವರ ಬೆನ್ನು ತಟ್ಟುತ್ತಾರೆ.

ಆಮೇಲೆ ಚರ್ಮದ ಪರೀಕ್ಷೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಮೈಯಲ್ಲಿ ಒಂದೊಂದು ತೊಟ್ಟು ದ್ರಾವಣ ಇಟ್ಟು, ಅದರ ಮೂಲಕ ಚರ್ಮವನ್ನು ತುಸುವೇ ಚುಚ್ಚಬೇಕು, ರಕ್ತ ಬರಬಾರದು. ಒಂದು ಬರೀ ಉಪ್ಪುನೀರು, ಅದಕ್ಕೆ ಏನೂ ಆಗಬಾರದು. ಇನ್ನೊಂದಕ್ಕೆ ಎಂಥವರ ಕೈಯಲ್ಲೂ ಗಂದೆ ಏಳಬೇಕು. ಈ ಎರಡು ಸರಿಯಿದ್ದರೆ ಮಾತ್ರ ಉಳಿದ ತೊಟ್ಟುಗಳ ಮಾತು ಕೇಳಬಹುದು. ಹೊಸಬರು ಸೂಜಿ ಹಿಡಿದು ಒಬ್ಬರನ್ನೊಬ್ಬರು ನೋಡುತ್ತಾರೆ. ಊದಕ್ಕ ತಮ್ಮ ಎಡಗೈಯನ್ನೇ ಮೇಜಿನ ಮೇಲೆ ಚಾಚುತ್ತಾರೆ. “ಮೊದಲ ಚುಚ್ಚು ನನಗೇ ಇರಲಿ. ನನ್ನ ಕೈಗೆ ಅಭ್ಯಾಸ ಆಗಿಹೋಗಿದೆ, ಅದು ಬೈಯಲ್ಲ.” ಎಲ್ಲರ ಸರದಿ ಮುಗಿಯುವ ಹೊತ್ತಿಗೆ ಸೊಳ್ಳೆಗಳ ಹಿಂಡೇ ಕಚ್ಚಿದಂತೆ ಕೈ ಕೆಂಪಗೆ ಉಬ್ಬಿರುತ್ತದೆ. ತುರಿಕೆಯನ್ನು ತಡೆದುಕೊಂಡೇ ಅವರು ಅಳತೆಪಟ್ಟಿ ಹಿಡಿದು ಗಂದೆ ಅಳೆಯುವುದನ್ನು ಕಲಿಸುತ್ತಾರೆ.

ಇದೆಲ್ಲ ಅವರಿಗೆ ಒಲಿದದ್ದು ನಡುವಯಸ್ಸು ದಾಟಿದ ಮೇಲೆ. ಅದಕ್ಕೆ ಮುಂಚೆ ಇದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದರು. ಏದುಸಿರು ಬಿಡುತ್ತಾ ಬಂದ ಮಕ್ಕಳಿಗೆ ಔಷಧದ ಹಬೆ ಕೊಡುವುದು, ಮನೆಗೆ ಕಳಿಸುವುದು, ಅದೇ ಮಕ್ಕಳು ಮತ್ತೆ ಬಂದಾಗ ಮತ್ತೆ ಹಬೆ ಕೊಡುವುದು. “ಒಂದು ಮಗು ನನ್ನನ್ನ ನೋಡಿದ ಕೂಡ್ಲೆ ತಾನೇ ಮಾಸ್ಕ್ ತಗೊಂಡು ಮುಖಕ್ಕೆ ಇಟ್ಕೊಳ್ತು. ಅಷ್ಟು ಸಲ ಬಂದಿತ್ತು. ಎಲ್ಲರೂ ಜಾಣೆ ಅಂತ ನಕ್ಕರು. ನನಗೆ ನಗು ಬರಲಿಲ್ಲ,” ಎನ್ನುತ್ತಾರೆ.

ಅಲರ್ಜಿ, ಅಸ್ತಮಾದ ತರಬೇತಿಗೆ ಒಬ್ಬರನ್ನು ಕಳಿಸಬೇಕು ಎಂದಾಗ ಯಾರೂ ಮುಂದೆ ಬರಲಿಲ್ಲವಂತೆ. ಊದಕ್ಕ ಕೈಯೆತ್ತಿದರು. ಶಾಲೆ ಬಿಟ್ಟು ಬಹಳ ಕಾಲವಾಗಿತ್ತು. ಪಕ್ಕದಲ್ಲಿ ಕೂತವರೆಲ್ಲ ಮಗಳ ವಯಸ್ಸಿನವರು. ಮನೆಗೆ ಬಂದು ಅನ್ನಕ್ಕಿಟ್ಟು, ಅಡುಗೆಮನೆಯ ಕಟ್ಟೆಯ ಮೇಲೆಯೇ ಓದಿಕೊಳ್ಳುತ್ತಿದ್ದರು. ಮಗಳು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಗಂಡ ಬಾಗಿಲಿಗೆ ಒರಗಿ ನಿಂತು, “ನಿಮ್ಮಮ್ಮ ಪಾಸಾಗ್ತಾಳೇನೇ?” ಎಂದು ರೇಗಿಸುತ್ತಿದ್ದರು. ರೇಗಿಸಿ ಮುಗಿಸುವಷ್ಟರಲ್ಲಿ ಕೆಮ್ಮು ಬರುತ್ತಿತ್ತು.

ಗಂಡ ಬಡಗಿ. ಕದ, ಕಿಟಕಿ, ಕಪಾಟುಗಳ ಕೆಲಸದಲ್ಲಿ ಎತ್ತಿದ ಕೈ. ಮನೆಯ ಹಿಂದೆಯೇ ಶೆಡ್ಡು, ಗರಗಸದ ಯಂತ್ರ, ಮೊಣಕಾಲೆತ್ತರ ಮರದ ಹೊಟ್ಟು. ಅವರ ಕೆಮ್ಮು ಮನೆಯ ಗಡಿಯಾರದಂತೆ ಆಗಿಹೋಗಿತ್ತು. ಅದನ್ನು ಕೇಳಿಯೇ ಮಗಳು ಅಪ್ಪ ಬಂದರೆಂದು ತಟ್ಟೆ ಹಾಕುತ್ತಿದ್ದಳು. ಬೀಡಿ ಸೇದಿದವರಲ್ಲ, ಕುಡಿದವರಲ್ಲ. ಶೀತದ ಮೈ ಅಂದುಕೊಂಡು ಎಲ್ಲರೂ ಸುಮ್ಮನಾಗಿದ್ದರು, ನರ್ಸ್ ಹೆಂಡತಿಯೂ ಸೇರಿ.

ಒಂದು ದಿನ ತರಗತಿಯಲ್ಲಿ ಡಾಕ್ಟರಮ್ಮ ಹೇಳಿದರು: “ಕೆಮ್ಮು ಯಾವಾಗ ಜಾಸ್ತಿ ಆಗುತ್ತೆ ಅಂತ ಎಲ್ಲರೂ ಕೇಳ್ತಾರೆ. ಯಾವಾಗ ಕಮ್ಮಿ ಆಗುತ್ತೆ ಅಂತಲೂ ಕೇಳಿ. ರಜೆ ದಿನ? ಪರವೂರಿಗೆ ಹೋದಾಗ?”

ಊದಕ್ಕ ಬರೆಯುವುದನ್ನು ನಿಲ್ಲಿಸಿದರು. ಹಿಂದಿನ ಬೇಸಿಗೆಯಲ್ಲಿ ತಂಗಿಯ ಮನೆಗೆ ಹೋಗಿ ವಾರವಿಡೀ ಇದ್ದು ಬಂದಿದ್ದರು. ಅಲ್ಲಿ ಗಂಡ ಕೆಮ್ಮಿರಲಿಲ್ಲ. “ನಿನ್ನ ತಂಗಿ ಮನೆ ನೀರು ನನಗೆ ಒಗ್ಗುತ್ತೆ ಕಣೇ” ಎಂದು ಹೊಗಳಿದ್ದರು. “ನಾನೂ ನಕ್ಕಿದ್ದೆ. ದಿನಾ ಪಕ್ಕದಲ್ಲೇ ಮಲಗೋ ಮನುಷ್ಯ. ನನಗೇ ಕೇಳಿಸಿರಲಿಲ್ಲ ನೋಡಿ,” ಎನ್ನುತ್ತಾರೆ.

ಉಸಿರಿನ ರಭಸ ಅಳೆಯುವ ಪುಟ್ಟ ಕೊಳವೆಯೊಂದನ್ನು ಮನೆಗೆ ತಂದರು. ಶೆಡ್ಡಿಗೆ ಹೋಗುವ ಮುಂಚೆ ಊದಿ, ಬಂದ ಮೇಲೆ ಊದಿ, ರಜೆಯ ದಿನ ಊದಿ. “ನಿನ್ನ ಪರೀಕ್ಷೆಗೆ ನಾನೇ ಬೇಕಿತ್ತಾ?” ಎಂದು ಗೊಣಗಿದರೂ ಬಡಗಿ ಒಂದು ಸಲವೂ ತಪ್ಪಿಸದೆ ಊದಿದರು. ಕೆಲಸದ ದಿನಗಳಲ್ಲಿ ಮುಳ್ಳು ಕೆಳಗೆ, ರಜೆಯಲ್ಲಿ ಮೇಲೆ. ಅದರಲ್ಲೂ ಕೆಂಪು ಮರವೊಂದನ್ನು ಕೊಯ್ದ ದಿನಗಳಲ್ಲಿ ತೀರಾ ಕೆಳಗೆ. ಡಾಕ್ಟರಮ್ಮ ಬರೆದಿಟ್ಟ ಆ ಅಂಕಿಗಳನ್ನು ನೋಡಿ, ಬೇಕಾದ ಪರೀಕ್ಷೆಗಳನ್ನೆಲ್ಲ ಮಾಡಿಸಿ ಹೇಳಿದ್ದು ಒಂದೇ ಮಾತು. ಇದು ಅಸ್ತಮಾ, ಕಾರಣ ಮರದ ಧೂಳು, ಆ ಧೂಳಿನಿಂದ ದೂರ ಇರಬೇಕು.

ಅದನ್ನು ಮನೆಯಲ್ಲಿ ಬಿಡಿಸಿ ಹೇಳುವ ಪಾಳಿ ಊದಕ್ಕನದು. “ಹೇಗೆ ಹೇಳಿದೆ ಗೊತ್ತಾ? ತರಗತಿಯಲ್ಲಿ ಉತ್ತರ ಒಪ್ಪಿಸೋ ಹಾಗೆ. ಮರ ಮುಟ್ಟಬೇಡಿ, ಶೆಡ್ ಮುಚ್ಚಿ, ಈ ಔಷಧ ತಗೊಳ್ಳಿ. ಅವರು ಊಟಕ್ಕೆ ಕೂತಿದ್ರು. ‘ಹಾಗಾದ್ರೆ ಕೈ ಕಟ್ಕೊಂಡು ಕೂತ್ಕೊ ಅಂತೀಯಾ?’ ಅಂದ್ರು. ಎದ್ದುಹೋದ್ರು. ತಟ್ಟೆಲಿ ಅನ್ನ ಹಾಗೇ ಇತ್ತು.”

ಅಲ್ಲಿಂದ ಮನೆಯಲ್ಲಿ ಮಾತು ನಿಂತಿತು. ಬೇಕಾದ್ದನ್ನು ಮಗಳ ಮೂಲಕ ಕೇಳುತ್ತಿದ್ದರು. ಔಷಧ ಬಿಚ್ಚದೆ ಕಪಾಟಿನಲ್ಲೇ ಕುಳಿತಿತು. “ಮುಖ ಊದಿಸ್ಕೊಂಡಿದ್ದು ಬಿಟ್ರೆ ಆ ತಿಂಗಳು ಬೇರೇನೂ ಊದಲಿಲ್ಲ ಅವರು,” ಎಂದು ಊದಕ್ಕ ಈಗ ನಗುತ್ತಾರೆ. ಆಗ ನಗುವ ಹಾಗಿರಲಿಲ್ಲ. ಒಪ್ಪಿಕೊಂಡಿದ್ದ ದೊಡ್ಡ ಬಾಗಿಲೊಂದು ಬಾಕಿಯಿತ್ತು, ಅದೇ ಕೆಂಪು ಮರದ್ದು. ಇದೊಂದು ಮುಗಿಸಿಬಿಡುತ್ತೇನೆ ಎಂದು ಬಡಗಿ ಶೆಡ್ಡಿನ ಕದ ಹಾಕಿಕೊಂಡು ಕೆಲಸಕ್ಕೆ ಇಳಿದರು.

ಅಂದು ಮಧ್ಯಾಹ್ನ ತರಗತಿಯಲ್ಲಿದ್ದ ಊದಕ್ಕನಿಗೆ ಮಗಳ ಫೋನು ಬಂತು. “ಅಮ್ಮಾ, ಅಪ್ಪಂಗೆ ಮಾತೇ ಬರ್ತಿಲ್ಲ.” ಆಂಬುಲೆನ್ಸಿಗೆ ಫೋನು ಮಾಡೆಂದು ಮಗಳಿಗೆ ಹೇಳಿ ಓಡಿದರು. ಮನೆ ಎರಡು ಬೀದಿಯಾಚೆ. ಬಡಗಿ ಶೆಡ್ಡಿನ ಹೊಸ್ತಿಲಲ್ಲಿ, ಮೊಣಕಾಲಿಗೆ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದರು. ಹುಬ್ಬಿನ ಮೇಲೆಲ್ಲ ಕೆಂಪು ಹುಡಿ. ಒಂದು ಪದಕ್ಕೆ ಒಂದು ಉಸಿರು.

“ಎಷ್ಟು ಜನರನ್ನ ನೋಡಿದ್ದೀನಿ ಆ ಸ್ಥಿತಿಲಿ. ಆದ್ರೆ ಅವತ್ತು ಕಪಾಟಿಂದ ತಂದ ಇನ್ಹೇಲರಿನ ಮುಚ್ಚಳ ತೆಗೆಯಕ್ಕೂ ನನಗೆ ಬರಲಿಲ್ಲ, ಮಗಳು ತೆಗೆದುಕೊಟ್ಳು.” ಆಮೇಲೆ ಕಲಿತದ್ದು ಕೈಗೆ ಬಂತು. ಗಂಡನನ್ನು ಹುಡಿಯಿಂದ ಈಚೆ ಅಂಗಳಕ್ಕೆ ತಂದು ನೆಟ್ಟಗೆ ಕೂರಿಸಿದರು. ಇನ್ಹೇಲರನ್ನು ಔಷಧದ ಹಬೆ ಹಿಡಿದಿಡುವ ಪ್ಲಾಸ್ಟಿಕ್ ಡಬ್ಬಿಗೆ ಸಿಕ್ಕಿಸಿ ಬಾಯಿಗೆ ಹಿಡಿದರು. “ನನ್ನ ನೋಡ್ರೀ. ಬೇರೆ ಎಲ್ಲೂ ನೋಡಬೇಡಿ. ಒಂದು ಉಸಿರು ಎಳೀರಿ. ಇನ್ನೊಂದು. ನಾನಿದ್ದೀನಲ್ಲ.” ಮಾತು ಬಿಟ್ಟಿದ್ದ ಗಂಡ ಹೆಂಡತಿಯ ಕಣ್ಣನ್ನೇ ನೋಡುತ್ತಾ, ಆಂಬುಲೆನ್ಸು ಬರುವ ತನಕ, ಅವರು ಹೇಳಿದ ಲಯಕ್ಕೆ ಉಸಿರೆಳೆದರು.

ಎರಡು ದಿನ ಕಳೆದು ಆಸ್ಪತ್ರೆಯ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತ ಬಡಗಿ ಮೊದಲು ಕೇಳಿದ್ದು, “ಆ ಬಾಗಿಲು ಅರ್ಧಕ್ಕೇ ನಿಂತಿತಲ್ಲೇ?” ಎಂದು. ಮರ ಬಿಡಿ ಎಂದು ಈ ಸಲ ಊದಕ್ಕ ಹೇಳಲಿಲ್ಲ. “ಎಷ್ಟು ಆಗಿತ್ತು?” ಎಂದು ಕೇಳಿದರು. ಬಡಗಿ ಚೌಕಟ್ಟಿನ ಬಗ್ಗೆ ಹೇಳಿದರು. ಮೇಲಿನ ಕೆತ್ತನೆಯ ಬಗ್ಗೆ ಹೇಳಿದರು. ತಮ್ಮ ಅಪ್ಪ ಉಳಿ ಹಿಡಿಯಲು ಕಲಿಸಿದ್ದನ್ನು ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. “ಮದುವೆ ಆದಾಗಿಂದ ನೋಡಿರಲಿಲ್ಲ ಅವರು ಅತ್ತಿದ್ದು. ಕೈ ಹಿಡ್ಕೊಂಡು ಕೂತೆ. ಅದಕ್ಕೆ ಯಾವ ಔಷಧ ಕೊಡಬೇಕು ಅಂತ ನಮಗೆ ಹೇಳಿಕೊಟ್ಟಿರಲಿಲ್ಲ,” ಎನ್ನುತ್ತಾರೆ ಊದಕ್ಕ.

ಬಾಗಿಲನ್ನು ಗೆಳೆಯ ಬಡಗಿಯೊಬ್ಬರು ಮುಗಿಸಿಕೊಟ್ಟರು. ಗರಗಸದ ಯಂತ್ರವೂ ಅವರ ಪಾಲಾಯಿತು. ಊದಕ್ಕನ ಗಂಡ ಈಗ ಬೀಗ, ಚಿಲಕ, ತಿರುಗಣಿಗಳ ರಿಪೇರಿ ಮಾಡುತ್ತಾರೆ. ಔಷಧ ತಪ್ಪಿಸುವುದಿಲ್ಲ. ಮೆಟ್ಟಿಲು ಹತ್ತಿದರೆ ತುಸು ಏದುಸಿರು ಉಳಿದಿದೆ, ಕೆಮ್ಮು ಬಹುಮಟ್ಟಿಗೆ ಹೋಗಿದೆ. ಆದರೂ ಆ ಗೆಳೆಯನ ಅಂಗಡಿ ಬಂದರೆ ಎದುರು ರಸ್ತೆಯಲ್ಲಿ ನಿಂತು ನೋಡುತ್ತಾರೆ. ಜೊತೆಗಿದ್ದರೆ ಊದಕ್ಕನೂ ನಿಲ್ಲುತ್ತಾರೆ. “ಗಂಡನ ಉಸಿರು ಉಳಿಸಿದೆ ಅಂತ ಜನ ಹೊಗಳ್ತಾರೆ. ಅವರ ಕೈಯಿಂದ ಉಳಿ ಕಿತ್ಕೊಂಡವಳೂ ನಾನೇ ಅಲ್ವಾ? ಎರಡೂ ನಿಜ.”

ಆ ನಿಜದಿಂದಲೇ ಹುಟ್ಟಿದ್ದು ತರಬೇತಿಯ ಕೊನೆಯ ಪಾಠ. ಅದು ಯಾವ ಪಠ್ಯದಲ್ಲೂ ಇಲ್ಲ. ಪ್ರತಿ ತಂಡದ ಕೊನೆಯ ದಿನ ಬಡಗಿ ಸ್ವತಃ ಬಂದು ರೋಗಿಯ ಕುರ್ಚಿಯಲ್ಲಿ ಕೂರುತ್ತಾರೆ. ನಿಮ್ಮ ಕಸುಬೇ ನಿಮ್ಮ ಕಾಯಿಲೆಗೆ ಕಾರಣ ಎಂದು ಕಲಿಯಲು ಬಂದವರು ಅವರಿಗೆ ಹೇಳಬೇಕು.

ಇವತ್ತು ಮೀಸೆಯ ನರ್ಸ್ ಎಲ್ಲವನ್ನೂ ಸರಿಯಾಗಿ ವಿವರಿಸುತ್ತಾರೆ. ಬಡಗಿ ಕೇಳುತ್ತಾರೆ, “ಸರಿ ಸ್ವಾಮಿ. ನಾಳೆ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ?” ನರ್ಸ್ ಮತ್ತೆ ಮೊದಲಿನಿಂದ ಔಷಧಗಳ ಹೆಸರು ಹೇಳತೊಡಗುತ್ತಾರೆ. ಮುಂದಿನ ಸರದಿ ಹೊಸ ಡಾಕ್ಟರೊಬ್ಬಳದು. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ. ಅದೇ ಪ್ರಶ್ನೆಗೆ, “ನನಗೆ ಗೊತ್ತಿಲ್ಲ. ಇಬ್ಬರೂ ಕೂತು ಯೋಚನೆ ಮಾಡೋಣ್ವಾ? ನೀವು ಮಾಡಿದ್ರಲ್ಲಿ ನಿಮಗೆ ತುಂಬ ಇಷ್ಟವಾದ ಕೆಲಸ ಯಾವುದು, ಹೇಳಿ,” ಎನ್ನುತ್ತಾಳೆ.

ಬಡಗಿ ಹೆಂಡತಿಯತ್ತ ತಿರುಗುತ್ತಾರೆ. “ಈ ಹುಡುಗಿ ಪಾಸು ಕಣೇ.”

ತಂಡ ಹೊರಟ ಮೇಲೆ ಊದಕ್ಕ ಕಿಟಕಿ ತೆರೆದು ಕೊಳವೆಗಳನ್ನು ತೊಳೆಯಲು ಹಾಕುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಮೊದಲು ತಲೆಯಾಡಿಸುತ್ತಾರೆ, ಆಮೇಲೆ ನೆನಪಾಗುತ್ತದೆ. “ಒಂದೇ ಒಂದು. ಈ ಕೋಣೆನ ಕೆಳಗೆ ತಂದುಕೊಟ್ರೆ ಸಾಕು. ಉಸಿರಾಡಕ್ಕೆ ಆಗದೇ ಇರೋರ ಕೋಣೆನ ತಂದು ಮೂರನೇ ಮಹಡಿಲಿ ಇಟ್ಟಿದ್ದಾರಲ್ಲ! ಲಿಫ್ಟ್ ಕೆಟ್ಟ ದಿನ ಜನ ಬಂದು ಕೂತ್ಕೊಂಡು ಅರ್ಧ ಗಂಟೆ ಸುಧಾರಿಸ್ಕೋಬೇಕು. ಕೆಳಗಡೆ ಮೂಲೆಲಿ ಒಂದು ಸಾಮಾನಿನ ಕೋಣೆ ಖಾಲಿ ಇದೆ. ಬಾಗಿಲಿಲ್ಲ, ಅಷ್ಟೆ.”

“ಕೊಡ್ಲಿ ನೋಡೋಣ. ಬಾಗಿಲು ನಾನೇ ಕೂರಿಸ್ಕೊಡ್ತೀನಿ,” ಎನ್ನುತ್ತಾರೆ ಕುರ್ಚಿಯಲ್ಲಿದ್ದ ಬಡಗಿ.

ಊದಕ್ಕ ಕನ್ನಡಕದ ಮೇಲಿಂದ ಗಂಡನನ್ನು ನೋಡುತ್ತಾರೆ. “ಕೂರಿಸಿ, ಬೇಡ ಅನ್ನಲ್ಲ. ಮರ ಕೊಯ್ಯೋರು ಬೇರೆಯವರು. ನೀವು ದೂರ ಕೂತು ಅಳತೆ ಹೇಳಿ.”

“ಹೇಳ್ತೀನಿ,” ಎನ್ನುತ್ತಾರೆ ಬಡಗಿ, ಒಂದೇ ಉಸಿರಿಗೆ.